ಬೆಂಕಿ ನೋಡಲು ಮೈಸೂರಿಗೆ

ವಿಜಯದಶಮಿಗೆ ಶಿವಮೊಗ್ಗದಲ್ಲೂ ದಸರಾ ಇದೆ, ಭದ್ರಾವತಿಯಲ್ಲೂ ಇದೆ. ಎರಡೂ ಊರಿನಲ್ಲಿ ಮೆರವಣಿಗೆ ಉಂಟು, ಬನ್ನಿ ಉಂಟು, ಸಿಡಿಮದ್ದಿನ ಸದ್ದೂ ಉಂಟು. ಆದರೂ ಆಯುಧಪೂಜೆಯ ಹೊತ್ತಿಗೆ ತಾಳಗುಪ್ಪದಿಂದ ಮೈಸೂರಿಗೆ ಹೊರಟ ರೈಲು ಶಿವಮೊಗ್ಗಕ್ಕೆ ಬರುವಾಗಲೇ ತುಂಬಿರುತ್ತದೆ. ಭದ್ರಾವತಿಯಲ್ಲಿ ಹತ್ತುವವರಿಗೆ ಬಾಗಿಲ ಬಳಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ. ಊರಿನ ಹಬ್ಬ ಬಿಟ್ಟು ಇನ್ನೂರೈವತ್ತು ಕಿಲೋಮೀಟರ್ ದೂರ ಯಾಕೆ ಹೋಗುತ್ತೀರಿ ಎಂದರೆ ಹಿರಿಯರು ಅಂಬಾರಿ ಎನ್ನುತ್ತಾರೆ, ಹುಡುಗರು ರಾತ್ರಿಯ ಕಾರ್ಯಕ್ರಮ ಎನ್ನುತ್ತಾರೆ. ನನ್ನ ಓಟು ಹುಡುಗರಿಗೆ. ಅಂಬಾರಿಯನ್ನು ಟಿ.ವಿ.ಯಲ್ಲಿ ಇನ್ನೂ ಹತ್ತಿರದಿಂದ ನೋಡಬಹುದು. ಬನ್ನಿಮಂಟಪದ ಪಂಜಿನ ಕವಾಯತು ಮತ್ತು ಅದರ ಕೊನೆಗೆ ಆಕಾಶದಲ್ಲಿ ನಡೆಯುವ ಗದ್ದಲವನ್ನು ಮಾತ್ರ ಹೋಗಿಯೇ ನೋಡಬೇಕು. ಎದೆಗೆ ಬಂದು ಬಡಿಯುವ ಆ ಸದ್ದು ಯಾವ ಟಿ.ವಿ.ಯಲ್ಲೂ ಬರುವುದಿಲ್ಲ.

ಹಾಗೆ ಹೋಗುವ ನಮ್ಮ ಕಡೆಯವರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಮೈಸೂರಿನ ಆಕಾಶದಲ್ಲಿ ಏನು ಉರಿಯುತ್ತದೆ, ಯಾಕೆ ಹಾಗೆ ಉರಿಯುತ್ತದೆ, ಅದು ಎಲ್ಲಿಂದ ಬಂತು ಎಂಬುದರ ಅರ್ಧ ಕತೆ ನಮ್ಮ ಜಿಲ್ಲೆಯಲ್ಲೇ ಬಿದ್ದಿದೆ. ಕಬ್ಬಿಣವೂ ಇಲ್ಲಿದೆ, ಇದ್ದಿಲಿನ ಚರಿತ್ರೆಯೂ ಇಲ್ಲಿದೆ, ಬಾಣಗಳಂತೂ ರಾಶಿಯಾಗಿಯೇ ಸಿಕ್ಕಿವೆ. ಅದನ್ನು ನೋಡದೆ ರೈಲು ಹತ್ತುವುದು ನಷ್ಟ.

ದೊಡ್ಡ ಊರಿನ ಬಾಣಬಿರುಸು ನೋಡಲು ಪರಊರಿನವರು ನುಗ್ಗುವುದು ಲೋಕದಲ್ಲೆಲ್ಲ ಇರುವ ಪದ್ಧತಿಯೇ. ಅಮೆರಿಕದವರಿಗೆ ಜುಲೈ 4, ಫ್ರಾನ್ಸಿನವರಿಗೆ ಜುಲೈ 14, ಸಿಂಗಪುರದವರಿಗೆ ಆಗಸ್ಟ್ 9. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ವಾತಂತ್ರ್ಯ ಘೋಷಣೆಯ ಮೊದಲ ವರ್ಷದ ಹಬ್ಬಕ್ಕೇ, ಅಂದರೆ 1777ರಲ್ಲೇ, ಬಾಣಬಿರುಸು ಹಾರಿಸಿದ್ದರು. ಆಗಿನ್ನೂ ಯುದ್ಧ ಮುಗಿದಿರಲಿಲ್ಲ. ನಮ್ಮ ಊರಿನ ಎಷ್ಟೋ ಮನೆಗಳ ಮಕ್ಕಳು ಈಗ ಕ್ಯಾಲಿಫೋರ್ನಿಯಾದಲ್ಲಿದ್ದಾರಲ್ಲ, ಅವರನ್ನು ನೋಡಲು ಬೇಸಿಗೆಯಲ್ಲಿ ಹೋದ ಅಪ್ಪ ಅಮ್ಮಂದಿರೂ ಜುಲೈ 4ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದ ಸಮುದ್ರದಂಡೆಯಲ್ಲಿ ಸ್ವೆಟರ್ ಹಾಕಿಕೊಂಡು ನಿಲ್ಲುತ್ತಾರೆ. ಆ ಊರಿನ ಬೇಸಿಗೆಯ ಮಂಜು ಪ್ರಸಿದ್ಧ. ಕೆಲವು ವರ್ಷ ಬಾಣ ಮಂಜಿನೊಳಗೆ ಹೋಗಿ ಸಿಡಿಯುತ್ತದೆ, ಮೋಡ ಒಮ್ಮೆ ಕೆಂಪಾಗುತ್ತದೆ, ಒಮ್ಮೆ ಹಸಿರಾಗುತ್ತದೆ, ಹೂವು ಮಾತ್ರ ಕಾಣುವುದಿಲ್ಲ. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಲು ಹೋಗಿ ಬರೀ ಮೋಡ ನೋಡಿ ಬಂದವರಿಗೆ ಇದು ಹೊಸದೇನಲ್ಲ.

ನಮ್ಮ ದೇಶದ ರಾಷ್ಟ್ರೀಯ ಹಬ್ಬಗಳು ಬೆಳಗಿನ ಹಬ್ಬಗಳು. ಧ್ವಜ ಏರುವುದು ಬೆಳಿಗ್ಗೆ, ಪೆರೇಡು ಬೆಳಿಗ್ಗೆ, ಮಕ್ಕಳ ಕೈಗೆ ಸಿಹಿ ಬೀಳುವುದೂ ಬೆಳಿಗ್ಗೆ. ರಾತ್ರಿಗೆ ಸರ್ಕಾರಿ ಕಟ್ಟಡಗಳ ಮೇಲೆ ಮೂರು ಬಣ್ಣದ ದೀಪ ಹೊತ್ತಿದರೆ ಮುಗಿಯಿತು. ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವನ್ನೂ ಸೇರಿಸಬಹುದು. ಆಗಸ್ಟ್ 15ಕ್ಕೆ ತೀರ್ಥಹಳ್ಳಿ, ಹೊಸನಗರದ ಕಡೆ ಧ್ವಜವೇ ನೆನೆದು ಕಂಬಕ್ಕೆ ಅಂಟಿಕೊಂಡಿರುತ್ತದೆ, ಇನ್ನು ಮದ್ದು ಹೊತ್ತುವುದೆಲ್ಲಿ! ಜನವರಿ 26ಕ್ಕೆ ಆಕಾಶ ತಿಳಿಯಾಗಿರುತ್ತದೆ, ಆದರೆ ಅದು ಪೆರೇಡಿನ ದಿನ. ಹೀಗಾಗಿ ಕನ್ನಡಿಗರಿಗೆ ಸರ್ಕಾರವೇ ಮುಂದೆ ನಿಂತು ಆಕಾಶಕ್ಕೆ ಬೆಂಕಿ ಹಚ್ಚುವ ಒಂದು ರಾತ್ರಿ ಅಂತ ಇದ್ದರೆ ಅದು ನಾಡಹಬ್ಬದ್ದು. ಮಳೆಯ ಕಾಟ ಮುಗಿಯುತ್ತ ಬಂದ ಕಾಲ, ಗದ್ದೆಯಲ್ಲಿ ಪೈರು ನಿಂತಿರುವ ಕಾಲ. ಹಿಂದಿನವರು ತಿಂಗಳು ನೋಡಿಯೇ ಹಬ್ಬ ಇಟ್ಟಿದ್ದಾರೆ.

ಇದು ವಿಜಯನಗರದಿಂದ ಬಂದ ಪದ್ಧತಿ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಮಹಾನವಮಿಯ ವೈಭವವನ್ನು ಬರೆಯುವಾಗ ಮದ್ದಿನ ಆಟಗಳನ್ನೂ ಬಿಟ್ಟಿಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇನ್ನಷ್ಟು ವಿವರ ಕೊಡುತ್ತಾನೆ. ಬಾಣಗಳಿದ್ದವು, ಬಗೆಬಗೆಯ ಉರಿಗಳಿದ್ದವು, ಕೋಟೆಯ ಆಕಾರ ಕಟ್ಟಿ ಅದರೊಳಗಿಂದ ಬಾಣ, ಬಾಂಬುಗಳು ಚಿಮ್ಮುವಂತೆ ಮಾಡಿದ್ದರು. ಇವತ್ತಿನ ರಾವಣ ದಹನದಲ್ಲಿ ಬೊಂಬೆಯ ಹೊಟ್ಟೆಯೊಳಗೆ ಪಟಾಕಿ ತುಂಬುತ್ತೇವಲ್ಲ, ಅದೇ ಕೈಚಳಕ. ವಿಜಯನಗರ ಬಿದ್ದ ಮೇಲೆ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರಾ ಮುಂದುವರಿಸಿದರು, ಅಲ್ಲಿಂದ ಅದು ಮೈಸೂರಿಗೆ ಬಂತು. ಮಹಾರಾಜರು ಬನ್ನಿಮಂಟಪಕ್ಕೆ ಮೆರವಣಿಗೆಯಲ್ಲಿ ಬಂದು ಬನ್ನಿಪೂಜೆ ಮಾಡಿ ಸೈನ್ಯದ ಕವಾಯತು ನೋಡುವಷ್ಟರಲ್ಲಿ ಕತ್ತಲಾಗುತ್ತಿತ್ತು. ಅದಕ್ಕೇ ಪಂಜು ಬಂದದ್ದು. ಬೆಳಕಿಗಾಗಿ ಹಿಡಿದ ಪಂಜು ಆಮೇಲೆ ತಾನೇ ಒಂದು ಕಾರ್ಯಕ್ರಮವಾಯಿತು. ರಾಜಧನ ರದ್ದಾಗಿ ಅರಸರ ದಸರಾ ಸರ್ಕಾರದ ದಸರಾ ಆದಾಗಲೂ ಅಂಬಾರಿಯಲ್ಲಿ ಚಾಮುಂಡೇಶ್ವರಿಯನ್ನು ಕೂರಿಸಿದರು, ಪಂಜನ್ನು ಮಾತ್ರ ಹಾಗೆಯೇ ಉಳಿಸಿಕೊಂಡರು.

ಈಗ ನಮ್ಮ ಜಿಲ್ಲೆಯ ಬಾವಿಯೊಂದಕ್ಕೆ ಬರೋಣ. ಹೊಸನಗರ ತಾಲ್ಲೂಕಿನ ನಗರ ಎಂಬ ಊರು ಕೆಳದಿ ಅರಸರ ಕೊನೆಯ ರಾಜಧಾನಿ, ಆಗಿನ ಬಿದನೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಆ ಊರಿನ ಪಾಳುಬಾವಿಯೊಂದರ ಹೂಳು ತೆಗೆಯುವಾಗ 2002ರಲ್ಲಿ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಏನೆಂದು ಗೊತ್ತಾಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅವು ಟಿಪ್ಪು ಕಾಲದ ಯುದ್ಧದ ರಾಕೆಟ್ಟುಗಳು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಆರ್. ಶೇಜೇಶ್ವರ ಅವರ ತಂಡ ಅದೇ ಬಾವಿಯನ್ನು ಪೂರ್ತಿ ಅಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಮೇಲೆ ಬಂದವು. ಬಾವಿಯ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತಂತೆ. ಇನ್ನೂರು ವರ್ಷಕ್ಕೂ ಮೇಲೆ ನೀರು, ಮಣ್ಣಿನಲ್ಲಿ ಮಲಗಿದ್ದ ಮದ್ದು!

ತುಕ್ಕು ಹಿಡಿದ ಆ ಕೊಳವೆಗಳು ಒಂದು ಗೇಣಿಗಿಂತ ಸ್ವಲ್ಪ ಉದ್ದ, 23ರಿಂದ 26 ಸೆಂಟಿಮೀಟರ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ನೋಡಿದವರಿಗೆ ಇದೇನಾ ಬ್ರಿಟಿಷರನ್ನು ಹೆದರಿಸಿದ್ದು ಅನ್ನಿಸುವುದು ಸಹಜ. ಗುಟ್ಟಿರುವುದು ಕಬ್ಬಿಣದಲ್ಲಿ. ಬಾಣ ಹಾರಿಸುವ ವಿದ್ಯೆ ಚೀನಾದಿಂದ ಯುರೋಪಿನವರೆಗೆ ಎಲ್ಲರಿಗೂ ಗೊತ್ತಿತ್ತು, ಆದರೆ ಅವರ ಕೊಳವೆ ಕಾಗದದ್ದು, ಬಿದಿರಿನದು. ಒಳಗೆ ಮದ್ದು ಬಿರುಸಾಗಿ ಉರಿದರೆ ಕೊಳವೆಯೇ ಒಡೆಯುತ್ತಿತ್ತು. ಕಬ್ಬಿಣದ ಕೊಳವೆ ಆ ಒತ್ತಡವನ್ನು ತಡೆದುಕೊಂಡಿತು, ಒತ್ತಡವೆಲ್ಲ ಹಿಂದಿನ ಕಿಂಡಿಯಿಂದ ನುಗ್ಗಿತು, ಬಾಣ ದೂರ ಹೋಯಿತು. ಉದ್ದನೆಯ ಬಿದಿರು ಕಟ್ಟಿದರೆ ದಿಕ್ಕು ತಪ್ಪುತ್ತಿರಲಿಲ್ಲ. ಇವತ್ತು ದೀಪಾವಳಿಗೆ ಬಾಟಲಿಯಲ್ಲಿ ಇಟ್ಟು ಹಚ್ಚುವ ರಾಕೆಟ್ಟಿಗೂ ಕಡ್ಡಿ ಇರುವುದು ಅದಕ್ಕೇ. 1780ರ ಪೊಳ್ಳಿಲೂರು ಕದನದಲ್ಲಿ ಪೆಟ್ಟು ತಿಂದ ಮೇಲೆ ಇಂಗ್ಲಿಷರು ಇದನ್ನು ಮರೆಯಲಿಲ್ಲ. ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರಿನ ರಾಕೆಟ್ಟುಗಳನ್ನು ಹೊತ್ತೊಯ್ದು ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. ಅಮೆರಿಕದ ರಾಷ್ಟ್ರಗೀತೆಯಲ್ಲಿ ರಾಕೆಟ್ಟುಗಳ ಕೆಂಪು ಉರಿ ಬರುತ್ತದಲ್ಲ, ಅದು 1814ರಲ್ಲಿ ಬಾಲ್ಟಿಮೋರಿನ ಕೋಟೆಯ ಮೇಲೆ ಬ್ರಿಟಿಷರು ಹಾರಿಸಿದ ಕಾಂಗ್ರೀವ್ ರಾಕೆಟ್ಟಿನದು. ಜುಲೈ 4ರ ರಾತ್ರಿ ಅದನ್ನು ಹಾಡುವ ನಮ್ಮ ಮೊಮ್ಮಕ್ಕಳಿಗೆ ನಗರದ ಬಾವಿಯ ವಿಷಯ ಯಾರಾದರೂ ಹೇಳಬೇಕು.

ನಗರದಲ್ಲಿ ಸಿಕ್ಕ ರಾಕೆಟ್ಟುಗಳು ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಬಂದಿವೆ. ಶಿವಮೊಗ್ಗ ದಸರಾದ ಮೆರವಣಿಗೆ ಹೊರಡುವುದೂ ಅದೇ ಅರಮನೆಯ ಅಂಗಳದಿಂದ. ಸಾವಿರಾರು ಜನ ಡೊಳ್ಳಿನ ಹಿಂದೆ ಗಾಂಧಿ ಬಜಾರಿನ ಕಡೆ ಹೋಗುತ್ತಾರೆ, ಒಳಗೆ ಹೋಗಿ ರಾಕೆಟ್ಟು ನೋಡಿದವರನ್ನು ಮಾತ್ರ ಬೆರಳಲ್ಲಿ ಎಣಿಸಬಹುದು. ನಮ್ಮ ಊರಿನ ಬಗ್ಗೆ ನನಗಿರುವ ತಕರಾರು ಇದು.

ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರು ಪಾಲಿನಲ್ಲಿ ಸುಮಾರು ಎಪ್ಪತ್ತೈದು ಪೆಟ್ಲುಪ್ಪು, ಹದಿನೈದು ಇದ್ದಿಲು, ಹತ್ತು ಗಂಧಕ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಕೊಡುತ್ತದೆ, ಹೊರಗಿನ ಗಾಳಿಯ ಹಂಗಿಲ್ಲ. ಬಾಣಬಿರುಸಿನ ದೊಡ್ಡ ಗುಂಡನ್ನು ನೆಲದಲ್ಲಿ ನಿಲ್ಲಿಸಿದ ಕೊಳವೆಯೊಳಗೆ ಇಳಿಸಿರುತ್ತಾರೆ. ತಳದ ಮದ್ದು ಅದನ್ನು ಮೇಲಕ್ಕೆ ಎಸೆಯುತ್ತದೆ, ಅದೇ ಹೊತ್ತಿಗೆ ಗುಂಡಿನ ಬತ್ತಿಗೂ ಬೆಂಕಿ ತಾಗುತ್ತದೆ. ಗುಂಡು ಏರಿ ಏರಿ ಇನ್ನೇನು ನಿಂತಿತು ಅನ್ನುವ ಗಳಿಗೆಗೆ ಬತ್ತಿ ಒಳಗಿನ ಮದ್ದನ್ನು ಮುಟ್ಟುವಂತೆ ಅದರ ಉದ್ದ ಕತ್ತರಿಸಿರುತ್ತಾರೆ. ಬತ್ತಿ ಚಿಕ್ಕದಾದರೆ ಕೆಳಗೇ ಒಡೆಯುತ್ತದೆ, ಉದ್ದವಾದರೆ ಬೀಳುತ್ತ ಒಡೆಯುತ್ತದೆ. ಒಳಗೆ ಜೋಡಿಸಿದ ಮದ್ದಿನ ಉಂಡೆಗಳು ಹೊತ್ತಿಕೊಂಡು ಸುತ್ತಲೂ ಚೆಲ್ಲುತ್ತವೆ. ಹೂವು ದುಂಡಗೆ ಬಂದರೆ ಉಂಡೆ ಜೋಡಿಸಿದವರ ಕೈ ಚೆನ್ನಾಗಿದೆ ಎಂದು ಲೆಕ್ಕ. ಬಣ್ಣ ಲೋಹದ್ದು. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ಸೋಡಿಯಂ ಹಳದಿ, ಅಲ್ಯುಮಿನಿಯಂ, ಮೆಗ್ನೀಸಿಯಂ ಬೆಳ್ಳಿ. ನೀಲಿ ತಾಮ್ರದಿಂದ ಬರುತ್ತದೆ, ಎಲ್ಲಕ್ಕಿಂತ ಕಷ್ಟದ ಬಣ್ಣ ಅದು. ಶಾಖ ಸ್ವಲ್ಪ ಹೆಚ್ಚಾದರೂ ಕೆಟ್ಟುಹೋಗುತ್ತದೆ. ಚೊಕ್ಕ ನೀಲಿ ಕಂಡರೆ ಚಪ್ಪಾಳೆ ತಟ್ಟಿ, ಅದನ್ನು ಮಾಡಿದವರಿಗೆ ಸಲ್ಲಬೇಕು.

ಚಿನ್ನದ ಬಣ್ಣ ಇದ್ದಿಲಿನದು, ಕಬ್ಬಿಣದ್ದು. ಇಲ್ಲಿಗೆ ಭದ್ರಾವತಿಯವರು ಮಾತು ಶುರುಮಾಡಬಹುದು.

ಸುರುಸುರು ಬತ್ತಿಯಿಂದ ಉದುರುವ ಕಿಡಿ ನೋಡಿ. ಒಂದೊಂದೂ ಸ್ವಲ್ಪ ದೂರ ಹೋಗಿ ಮತ್ತೆ ಕವಲೊಡೆಯುತ್ತದೆ. ಅದು ಉಕ್ಕಿನ ಪುಡಿ. ಉಕ್ಕಿನೊಳಗಿನ ಇಂಗಾಲ ಉರಿದು ಅನಿಲವಾಗಿ, ಕರಗಿದ ಹನಿಯನ್ನು ಒಳಗಿನಿಂದ ಒಡೆಯುತ್ತದೆ. ಇಂಗಾಲವಿಲ್ಲದ ಶುದ್ಧ ಕಬ್ಬಿಣಕ್ಕೆ ಈ ಕವಲು ಬರುವುದಿಲ್ಲ. ಉಕ್ಕಿನ ಕೆಲಸ ಬಲ್ಲವರು ತುಂಡನ್ನು ಸಾಣೆಯ ಚಕ್ರಕ್ಕೆ ಒತ್ತಿ, ಹಾರುವ ಕಿಡಿಯ ಉದ್ದ, ಬಣ್ಣ, ಕವಲು ನೋಡಿ ಇದು ಯಾವ ಜಾತಿಯ ಉಕ್ಕು ಎಂದು ಹೇಳುತ್ತಾರೆ. ಅಂದರೆ ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರ ಕಣ್ಣಿಗೆ ಹೂಕುಂಡ ಬರೀ ಚೆಂದದ ವಸ್ತುವಲ್ಲ, ಅದರಲ್ಲಿ ಏನು ಹಾಕಿದ್ದಾರೆ ಎಂಬುದೂ ಓದಲು ಬರುತ್ತದೆ.

ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1918ರಲ್ಲಿ, ಕಬ್ಬಿಣದ ಕಾರ್ಖಾನೆಗೆ ತಳಪಾಯ ಬಿತ್ತು. ಅದಿರು ಕೆಮ್ಮಣ್ಣುಗುಂಡಿಯದು. ಕಲ್ಲಿದ್ದಲು ಮೈಸೂರು ಸಂಸ್ಥಾನದಲ್ಲಿ ಇರಲಿಲ್ಲ, ಕಾಡು ಬೇಕಾದಷ್ಟಿತ್ತು. ಅದಕ್ಕೇ ಮರ ಸುಟ್ಟು ಇದ್ದಿಲು ಮಾಡುವ ಘಟಕವನ್ನು ಕುಲುಮೆಯ ಜೊತೆಗೇ ಕಟ್ಟಿದರು. ಕಾರ್ಖಾನೆಯ ಮೊದಲ ಹೆಸರಿನಲ್ಲೇ ಮರದ ಬಟ್ಟಿಯಿಳಿಸುವ ಮಾತೂ ಇತ್ತು. 1923ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಆಮೇಲೆ ಜೋಗದ ವಿದ್ಯುತ್ತು ಬಂದು 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳೂ ಸೇರಿದವು. ಕುಲುಮೆಯ ಬಾಯಿ ತೆರೆದು ಕರಗಿದ ಕಬ್ಬಿಣ ಹರಿಸುವಾಗ ಏಳುವ ಕಿಡಿಗಳ ಮುಂದೆ ಹೂಕುಂಡ ಏನೇನೂ ಅಲ್ಲ. ಸರಿಯಾಗಿ ನೂರು ವರ್ಷದ ಮೇಲೆ, 2023ರ ಜನವರಿಯಲ್ಲಿ, ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. ಕಾರ್ಮಿಕರು ಧರಣಿ ಕೂತರು, ಉಳಿಸುವ ಮಾತುಗಳು ಇನ್ನೂ ನಡೆಯುತ್ತಿವೆ. ಬಾಣಬಿರುಸಿನ ಲೇಖನದಲ್ಲಿ ಇದು ಯಾಕೆ ಎಂದು ಕೇಳಬೇಡಿ. ದಿನಾ ಬೆಂಕಿ ಕಾಣುತ್ತಿದ್ದ ಊರು ಈಗ ಬೆಂಕಿ ನೋಡಲು ರೈಲು ಹತ್ತುತ್ತದೆ ಎಂಬುದೇ ನನ್ನ ಮಟ್ಟಿಗೆ ದೊಡ್ಡ ಸುದ್ದಿ.

ಸರಿ, ಮೈಸೂರಿಗೆ ಬಂದಿರಿ ಅನ್ನಿ. ಮಧ್ಯಾಹ್ನ ಅರಮನೆಯ ಮುಂದೆ ಅಂಬಾರಿಗೆ ಪುಷ್ಪಾರ್ಚನೆ ಆಗುವಾಗ ಇಪ್ಪತ್ತೊಂದು ಕುಶಾಲತೋಪು ಹಾರುತ್ತದೆ. ಹಳೆಯ ಫಿರಂಗಿಗಳು, ಸಿಬ್ಬಂದಿ ಒಂದೊಂದು ಸಲಕ್ಕೂ ಬಾಯಿಂದ ಮದ್ದು ತುಂಬಿ ಹಚ್ಚಬೇಕು. ಆನೆ, ಕುದುರೆಗಳಿಗೆ ಈ ಸದ್ದು ರೂಢಿಯಾಗಲೆಂದು ವಾರಗಳ ಮೊದಲೇ ತಾಲೀಮು ನಡೆಸುತ್ತಾರೆ. ಆಮೇಲೆ ಸಯ್ಯಾಜಿರಾವ್ ರಸ್ತೆ ಹಿಡಿದು ಮೆರವಣಿಗೆ ಬನ್ನಿಮಂಟಪದ ಕಡೆ ಸುಮಾರು ಐದು ಕಿಲೋಮೀಟರ್ ಸಾಗುತ್ತದೆ. ಜನ ಬೆಳಿಗ್ಗೆಯಿಂದಲೇ ಜಾಗ ಹಿಡಿದಿರುತ್ತಾರೆ, ಮರದ ಮೇಲೂ ಇರುತ್ತಾರೆ. ಅಂಬಾರಿಯ ಆಸೆ ಬಿಟ್ಟರೆ ಅಷ್ಟು ಹೊತ್ತು ವಿಶ್ರಾಂತಿ ತೆಗೆದುಕೊಂಡು ಸಂಜೆ ನೇರ ಬನ್ನಿಮಂಟಪಕ್ಕೆ ಹೋಗಬಹುದು. ನಾನು ಹೇಳುವುದು ಹಾಗೆಯೇ ಮಾಡಿ ಎಂದು.

ಬನ್ನಿಮಂಟಪದ ಮೈದಾನಕ್ಕೆ ಪಾಸು ಅಥವಾ ಟಿಕೆಟ್ ಬೇಕು. ಆನ್‌ಲೈನಿನಲ್ಲಿ ಮಾರಾಟಕ್ಕೆ ಬಿಟ್ಟ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತವೆ. ಪಾಸು ಇದ್ದರೂ ಬೇಗ ಹೋಗಬೇಕು, ಜಾಗ ಮೊದಲು ಬಂದವರಿಗೆ. ರಾಜ್ಯಪಾಲರು ಗೌರವ ವಂದನೆ ಸ್ವೀಕರಿಸುವುದರಿಂದ ಶುರು. ಅಶ್ವಾರೋಹಿ ಪೊಲೀಸರು ಓಡುವ ಕುದುರೆಯ ಮೇಲಿಂದ ಬಾಗಿ ನೆಲದ ಗೂಟ ಕೀಳುತ್ತಾರೆ. ಸೇನೆಯ ಬೈಕ್ ಸವಾರರು ಒಂದೇ ಬೈಕ್ ಮೇಲೆ ಹತ್ತಾರು ಜನ ಏರಿ ಬರುತ್ತಾರೆ. ಬ್ಯಾಂಡು ಇರುತ್ತದೆ, ನೃತ್ಯವಿರುತ್ತದೆ. ಇವೆಲ್ಲ ಆದ ಮೇಲೆ ದೀಪಗಳು ಆರುತ್ತವೆ, ಪಂಜು ಹಿಡಿದ ಪೊಲೀಸರು ಓಡುತ್ತ ಬರುತ್ತಾರೆ.

ನನಗೆ ಇಡೀ ದಸರೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಭಾಗ. ಕೈಯಲ್ಲಿ ಪಂಜು, ಮೈಮೇಲೆ ಸಮವಸ್ತ್ರ, ಬಾಯಲ್ಲಿ ಮಾತಿಲ್ಲ. ಕತ್ತಲಿನಲ್ಲಿ ಅವರು ಕಾಣುವುದಿಲ್ಲ, ಉರಿಗಳು ಮಾತ್ರ ಕಾಣುತ್ತವೆ. ಆ ಉರಿಗಳು ಸಾಲಾಗುತ್ತವೆ, ಸುತ್ತುತ್ತವೆ, ಒಂದರೊಳಗೊಂದು ನುಸುಳುತ್ತವೆ, ನೋಡನೋಡುತ್ತ ಅಕ್ಷರವಾಗುತ್ತವೆ. ಚಾಮುಂಡಿಗೆ ಜಯಕಾರ ಬರೆಯುತ್ತಾರೆ, ಮುಂದಿನ ವರ್ಷ ಮತ್ತೆ ಸಿಗೋಣ ಎಂದೂ ಬರೆಯುತ್ತಾರೆ. ಯಂತ್ರವಿಲ್ಲ, ರಿಮೋಟಿಲ್ಲ. ಒಬ್ಬ ಹೆಜ್ಜೆ ತಪ್ಪಿದರೆ ಅಕ್ಷರ ಸೊಟ್ಟಗಾಗುತ್ತದೆ. ವರ್ಷವಿಡೀ ಟ್ರಾಫಿಕ್ಕಿನಲ್ಲೋ ಠಾಣೆಯಲ್ಲೋ ಕಾಣುವ ಪೊಲೀಸರು ಇಂಥದ್ದೊಂದು ಕೆಲಸ ಬಲ್ಲರು ಎಂಬುದೇ ಪರಊರಿನವರಿಗೆ ಹೊಸ ಸಂಗತಿ.

ಕೊನೆಗೆ ಆಕಾಶದ ಸರದಿ. ಇಷ್ಟು ವರ್ಷ ಲೇಸರ್ ಮತ್ತು ಬಾಣಬಿರುಸು ಮಾತ್ರ ಈ ಜಾಗದಲ್ಲಿದ್ದವು. 2024ರಲ್ಲಿ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದವರು 1500 ಡ್ರೋನ್ ಹಾರಿಸಿದರು, ಮರುವರ್ಷ ಹತ್ತಿರಹತ್ತಿರ ಮೂರು ಸಾವಿರ. ಈಗ ಮೈಸೂರಿಗೆ ಹೋಗಿಬಂದವರ ಬಾಯಲ್ಲಿ ಮೊದಲು ಬರುವುದು ಡ್ರೋನ್. ನಿಜ, ಡ್ರೋನು ಹುಲಿ ಬರೆಯುತ್ತದೆ, ಅಂಬಾರಿ ಬರೆಯುತ್ತದೆ, ಹೊಗೆಯಿಲ್ಲ, ಸದ್ದಿಲ್ಲ, ಹಕ್ಕಿಪಕ್ಷಿಗೆ ತೊಂದರೆ ಕಡಿಮೆ. ಕೆಲವು ದಿನ ಪುಕ್ಕಟೆಯಾಗಿಯೂ ತೋರಿಸುತ್ತಾರೆ. ಪಾಸು ಸಿಗದವರು ವಿಜಯದಶಮಿಗೇ ಹೋಗಬೇಕೆಂಬ ಹಟ ಬಿಟ್ಟು ಆ ದಿನ ಹೋದರೆ ಆರಾಮ. ಆದರೆ ಡ್ರೋನು ಕಣ್ಣಿನ ವಸ್ತು ಮಾತ್ರ. ಮದ್ದಿನ ಬೆಳಕು ಕಣ್ಣಿಗೆ, ಸದ್ದು ಎದೆಗೆ, ವಾಸನೆ ಮೂಗಿಗೆ. ಪಂಜು ಹಿಡಿದ ಮನುಷ್ಯರ ಮುಂದೆಯಂತೂ ಡ್ರೋನು ಸಪ್ಪೆ ಎಂದೇ ನನ್ನ ತೀರ್ಪು.

ಪಾಸಿಲ್ಲದೆ ಹೊರಗೆ ನಿಂತು ನೋಡುವವರಿಗೆ ಒಂದು ಲೆಕ್ಕ ಉಪಯೋಗವಾಗಬಹುದು. ಬೆಳಕು ಕಂಡ ಕ್ಷಣದಿಂದ ಸದ್ದು ಕೇಳುವವರೆಗೆ ಎಣಿಸಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ. ಒಂದು ಸೆಕೆಂಡಿಗಿಂತ ಹೆಚ್ಚು ಎಣಿಸಲು ಸಿಕ್ಕಿದರೆ ನೀವು ನಿಂತ ಜಾಗ ಚೆನ್ನಾಗಿದೆ, ಕತ್ತು ನೋಯುವುದಿಲ್ಲ. ಗಾಳಿ ಬೆನ್ನಿಗಿರಲಿ. ಎದುರಿಗಿದ್ದರೆ ನಾಲ್ಕನೇ ಬಾಣದಿಂದಾಚೆ ಬರೀ ಹೊಗೆ.

ಈ ಸಂತೋಷಕ್ಕೆ ತೆರಬೇಕಾಗಿ ಬಂದ ಬೆಲೆಯನ್ನೂ ಮರೆಯುವಂತಿಲ್ಲ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಗೆ ಬೆಂಕಿ ಬಿದ್ದು ಹದಿನಾಲ್ಕಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ದುಡಿಮೆಗೆಂದು ತಮಿಳುನಾಡಿನಿಂದ ಬಂದ ಎಳೆಯ ಹುಡುಗರೇ ಅವರಲ್ಲಿ ಹೆಚ್ಚು. ಅದಾದ ಕೆಲವೇ ದಿನದಲ್ಲಿ ಸರ್ಕಾರ ಮದುವೆ, ರಾಜಕೀಯ ಸಭೆ, ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಬೇಡ, ಹಬ್ಬಕ್ಕೂ ಹಸಿರು ಪಟಾಕಿ ಮಾತ್ರ ಎಂದಿತು. ಸುಪ್ರೀಂ ಕೋರ್ಟ್ 2018ರಲ್ಲೇ ಹಸಿರು ಪಟಾಕಿಯ ಆದೇಶ ಕೊಟ್ಟಿತ್ತು. ಹಸಿರು ಬಣ್ಣ ಕೊಡುವ ಬೇರಿಯಂ ಲವಣಗಳಿಗೇ ಅದರಲ್ಲಿ ನಿಷೇಧ ಬಿದ್ದದ್ದು ಒಂದು ತಮಾಷೆ. ಶಿವಮೊಗ್ಗದವರಿಗೆ ಇನ್ನೊಂದು ರಾತ್ರಿಯೂ ನೆನಪಿದೆ. 2021ರ ಜನವರಿ 21ರಂದು ಹುಣಸೋಡಿನ ಕಲ್ಲುಕ್ವಾರಿಯ ಬಳಿ ಸ್ಫೋಟಕ ತುಂಬಿದ ಲಾರಿ ಸಿಡಿದಾಗ ಭದ್ರಾವತಿಯಲ್ಲಿ ಮಾತ್ರವಲ್ಲ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲೂ ಕಿಟಕಿ ಅಲುಗಿತು, ಭೂಕಂಪವೆಂದು ಜನ ಬೀದಿಗೆ ಬಂದರು. ಆಮೇಲೆ ಎಷ್ಟೋ ದಿನ ನಮ್ಮ ಊರಿನಲ್ಲಿ ದೊಡ್ಡ ಪಟಾಕಿ ಹೊಡೆದರೆ ಹಿರಿಯರು ಬೆಚ್ಚುತ್ತಿದ್ದರು.

ಊರಿನ ದಸರೆಯನ್ನು ಕಡೆಗಣಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮೆರವಣಿಗೆಗೆ ಸಕ್ರೆಬೈಲಿನ ಆನೆಗಳು ಬರುತ್ತವೆ. 2023ರಲ್ಲಿ ಹಾಗೆ ಕರೆತಂದ ನೇತ್ರಾವತಿ ಜಂಬೂಸವಾರಿಯ ಹಿಂದಿನ ರಾತ್ರಿ ಶಿವಮೊಗ್ಗದಲ್ಲೇ ಮರಿ ಹಾಕಿತು, ಇಡೀ ಊರು ಅಂಬಾರಿ ಮರೆತು ಮರಿಯ ಮಾತಾಡಿತು. ಮೆರವಣಿಗೆ ಹೋಗಿ ಸೇರುವುದು ಹಳೇ ಜೈಲಿನ ಮೈದಾನಕ್ಕೆ, ಈಗ ಅದಕ್ಕೆ ಅಲ್ಲಮಪ್ರಭುವಿನ ಹೆಸರು. ತಹಸೀಲ್ದಾರರು ಪೇಟ ಸುತ್ತಿ ಕತ್ತಿ ಹಿಡಿದು ಅಂಬು ಕಡಿಯುತ್ತಾರೆ, ರಾವಣ ಉರಿಯುತ್ತಾನೆ, ಬಾಣಗಳು ಹಾರುತ್ತವೆ, ಮನೆಗೆ ನಡೆದು ಹೋಗಿ ಊಟ ಮಾಡಬಹುದು. ಮೈಸೂರಿನಲ್ಲಿ ಇಂಥ ಸುಖ ಇಲ್ಲ.

ಮೈಸೂರಿಗೆ ಪಂಜು ನೋಡಲು ಹೋಗಿ. ಬಾಣಬಿರುಸೇ ಮುಖ್ಯ ಎನ್ನುವವರಿಗೆ ನಾನು ತೀರ್ಥಹಳ್ಳಿ ಹೇಳುತ್ತೇನೆ. ಎಳ್ಳಮಾವಾಸ್ಯೆಯ ರಾಮೇಶ್ವರ ಜಾತ್ರೆಯ ತೆಪ್ಪೋತ್ಸವದ ರಾತ್ರಿ ತುಂಗೆಯ ಮೇಲೆ ಸಿಡಿಮದ್ದು ಹಾರಿಸುತ್ತಾರೆ. ವಿಜಯದಶಮಿಯ ರಾತ್ರಿ ಆಕಾಶದಲ್ಲಿ ದಶಮಿಯ ಚಂದ್ರ ಇರುತ್ತಾನೆ, ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳೂ ಬೀದಿಯ ದೀಪಾಲಂಕಾರವೂ ಸೇರಿ ಮೈಸೂರಿನ ಆಕಾಶ ಕಪ್ಪಾಗಿರುವುದೇ ಇಲ್ಲ. ತೀರ್ಥಹಳ್ಳಿಯಲ್ಲಿ ಅಮಾವಾಸ್ಯೆ ಈಗಷ್ಟೇ ಕಳೆದಿರುತ್ತದೆ. ಸುತ್ತ ಕಾಡು, ಮೇಲೆ ಚಳಿಗಾಲದ ತಿಳಿ ಆಕಾಶ, ಕೆಳಗೆ ಹೊಳೆ. ಮೇಲೆ ಅರಳಿದ ಒಂದೊಂದು ಹೂವೂ ನೀರಿನಲ್ಲಿ ಇನ್ನೊಂದು ಸಲ ಅರಳುತ್ತದೆ, ಸದ್ದು ದಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ. ಖರ್ಚಿನ ಲೆಕ್ಕದಲ್ಲಿ ಮೈಸೂರಿನ ಹತ್ತಿರವೂ ಬರಲಿಕ್ಕಿಲ್ಲ, ನೋಟದಲ್ಲಿ ಅದಕ್ಕಿಂತ ಮೇಲು. ಅದೇ ತೀರ್ಥಹಳ್ಳಿ, ಹೊಸನಗರದ ಹಳ್ಳಿಗಳಲ್ಲಿ ದೀಪಾವಳಿಗೆ ಅಂಟಿಗೆ ಪಂಟಿಗೆಯವರು ಹಚ್ಚಿದ ದೀಪ ಆರದಂತೆ ಕಾಪಾಡಿಕೊಂಡು ಮನೆಯಿಂದ ಮನೆಗೆ ರಾತ್ರಿಯೆಲ್ಲ ನಡೆಯುತ್ತಾರೆ. ಬೆಂಕಿ ನೋಡುವ ಹುಚ್ಚಿದ್ದವರು ಅದನ್ನೂ ಬಿಡಬಾರದು.

ಇಷ್ಟಾದರೂ ಮೈಸೂರಿಗೇ ಹೋಗುವೆ ಎನ್ನುವವರು ಎರಡು ಕೆಲಸ ಮಾಡಿ. ಹೊರಡುವ ಮೊದಲು ಒಂದು ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಶಿವಪ್ಪ ನಾಯಕ ಅರಮನೆಗೆ ಹೋಗಿ ಆ ತುಕ್ಕು ಹಿಡಿದ ರಾಕೆಟ್ಟುಗಳನ್ನು ನೋಡಿ ಬನ್ನಿ. ಎರಡನೆಯದು, ವಾಪಸಿನ ಯೋಚನೆ ಮೊದಲೇ ಮಾಡಿ. ಕವಾಯತು ಮುಗಿಯುವುದು ರಾತ್ರಿ ಹತ್ತರ ಸುಮಾರಿಗೆ, ಅಷ್ಟರಲ್ಲಿ ತಾಳಗುಪ್ಪದ ರಾತ್ರಿ ರೈಲು ಹೊರಟುಹೋಗಿರುತ್ತದೆ. ಅಲ್ಲೇ ಉಳಿದು ಮರುದಿನ ಅರಸೀಕೆರೆ ದಾರಿಯ ರೈಲು ಹಿಡಿಯುವುದು ಜಾಣತನ. ರೈಲಿನ ಟಿಕೆಟ್ ಕಾದಿರಿಸಲು ಈಗ ಸಿಗುವುದು ಅರವತ್ತು ದಿನ ಮುಂಚೆ ಮಾತ್ರ. ಅಂದರೆ ನಾಗರಪಂಚಮಿ ಕಳೆದು ವರಮಹಾಲಕ್ಷ್ಮಿ ಹಬ್ಬ ಬರುವಷ್ಟರಲ್ಲಿ ವಿಜಯದಶಮಿಯ ಟಿಕೆಟ್ ತೆರೆದಿರುತ್ತದೆ. ಗಣೇಶನ ಹಬ್ಬ ಮುಗಿಯಲಿ ಎಂದು ಕಾದರೆ ವೇಟಿಂಗ್ ಲಿಸ್ಟೇ ಗತಿ.